ನಾಲಾ ಬದಿಯ ಕೆಸುವಿನೆಲೆ

ಡೊಂಬಿವಲಿ ಪೂರ್ವದಲ್ಲಿ, ಎಂಐಡಿಸಿಯ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಂತಿದ್ದ ಒಂದು ಚಾಳಿನಲ್ಲಿ ಸುಂದರಿಯ ಸಂಸಾರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಯ ಜಾಗ. ಅಲ್ಲಿಯ ಕಿಟಕಿ ತೆರೆದರೆ ಕಾರ್ಖಾನೆಗಳ ಕೊಳೆನೀರು ಹರಿಯುವ ನಾಲಾ. ಮದುವೆಯಾಗಿ ಕಾರ್ಕಳದ ಕಡೆಯಿಂದ ಬಂದ ಹೊಸದರಲ್ಲಿ ಅವಳು ಆ ಕಿಟಕಿಯನ್ನು ತೆರೆಯುತ್ತಲೇ ಇರಲಿಲ್ಲ, ಅಷ್ಟು ವಾಸನೆ. ಗಂಡ ಮುಂಡಪ್ಪ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು. ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದ. ಆಮೇಲೆ ಇಡೀ ದಿನ ಅವಳಿಗೆ ಮುಚ್ಚಿದ ಕಿಟಕಿಯೇ ಜೊತೆ.

ಮೊದಲ ಮಳೆಗಾಲದಲ್ಲಿ ಒಂದು ದಿನ ಕಿಟಕಿಯ ಸಂದಿಯಿಂದ ನೀರು ಒಳಗೆ ಬರುತ್ತಿದೆಯೆಂದು ಬಟ್ಟೆ ತುರುಕಲು ಹೋದವಳು ಹೊರಗೆ ನೋಡಿ ಹಾಗೆಯೇ ನಿಂತುಬಿಟ್ಟಳು. ನಾಲಾದ ಎರಡೂ ದಂಡೆಗಳ ತುಂಬ ಕೆಸು. ಊರಿನ ಬಾವಿಕಟ್ಟೆಯ ಹತ್ತಿರ ಅಮ್ಮ ಆಷಾಢದ ಮಳೆಯ ಆಟಿ ತಿಂಗಳಲ್ಲಿ ಕೊಯ್ಯುತ್ತಿದ್ದ ಅದೇ ಕೆಸು. ಆದರೆ ಇಲ್ಲಿಯ ಒಂದೊಂದು ಎಲೆಯೂ ಊರಿನ ಎರಡು ಎಲೆಗಳಷ್ಟು ಅಗಲ. ಅಂದು ಸಂಜೆ ಮುಂಡಪ್ಪ ಬಂದಾಗ ಹೆಂಡತಿ ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ನೆಲದ ಮೇಲೆ ಕಾಲು ಚಾಚಿ ಕುಳಿತು, ಪತ್ರೊಡೆಗೆಂದು ಎಲೆಗಳ ಬೆನ್ನಿಗೆ ಹಿಟ್ಟು ಬಳಿಯುತ್ತಿದ್ದಳು. ಡೊಂಬಿವಲಿಗೆ ಬಂದ ಮೇಲೆ ಅವಳು ನಗುವುದನ್ನು ಅವನು ನೋಡಿದ್ದು ಅದೇ ಮೊದಲು.

“ಎಲ್ಲಿಂದ ತಂದದ್ದು ಮಾರಾಯ್ತಿ?”

“ಹಿಂದಿನಿಂದ. ಇಲ್ಲಿಯೂ ಉಂಟು, ನೀವು ಹೇಳಲೇ ಇಲ್ಲ.”

ಆ ಎಲೆಗಳ ನಿಜವಾದ ಒಡತಿ ಚಾಳಿನ ಕೊನೆಯ ಮನೆಯ ಹಿರಾಬಾಯಿ. ಅಲ್ಲಿಯ ಮೂಲದ ಆಗ್ರಿ ಜನದ ಹೆಂಗಸು. ಕಾರ್ಖಾನೆಗಳು ಬರುವ ಮೊದಲು ಆ ಸುತ್ತಿನ ನೆಲವೆಲ್ಲ ಅವಳ ಮಾವನ ಭತ್ತದ ಗದ್ದೆಯಾಗಿತ್ತಂತೆ. ಗದ್ದೆ ಹೋದರೂ ದಂಡೆ ಉಳಿದಿತ್ತು. ದಂಡೆಯಲ್ಲಿ ಗೆಡ್ಡೆ ನೆಟ್ಟು, ಮಳೆಗಾಲದಲ್ಲಿ ಎಲೆಗಳ ಕಟ್ಟು ಕಟ್ಟಿ, ಸ್ಟೇಷನ್ ಹತ್ತಿರ ಕುಳಿತು ಮಾರುತ್ತಿದ್ದಳು. ಮರಾಠಿಯಲ್ಲಿ ಕೆಸುವಿಗೆ ಅಳು ಎಂದೇ ಹೆಸರು. ಯಾರೋ ಮದರಾಸಿ ಹೆಂಗಸು ತನ್ನ ಅಳು ಕೊಯ್ದಳೆಂದು ಕೇಳಿ ಜಗಳಕ್ಕೇ ಬಂದವಳು, ಬಾಗಿಲಲ್ಲಿ ಹಬೆಯ ಪರಿಮಳಕ್ಕೆ ನಿಂತಳು. ಸುಂದರಿಗೆ ಮರಾಠಿ ಬಾರದು, ಹಿರಾಬಾಯಿಗೆ ಮತ್ತೇನೂ ಬಾರದು. ಸುಂದರಿ ಒಂದು ತುಂಡು ಕೈಗಿಟ್ಟಳು. ಹಿರಾಬಾಯಿ ತಿಂದು, ಇನ್ನೊಂದಕ್ಕೆ ಕೈ ನೀಡಿದಳು. ಮರುದಿನ ತಾನು ಕಡಲೆಹಿಟ್ಟು ಹಚ್ಚಿ ಕರಿದ ಅಳುವಡಿಯನ್ನು ತಟ್ಟೆಯಲ್ಲಿ ತಂದಳು. ಹಸಿರು ದಂಟಿನದು ಬೇಡ, ಕಪ್ಪು ದಂಟಿನದನ್ನೇ ಕೊಯ್ಯಬೇಕು, ಗಂಟಲು ತುರಿಸುವುದಿಲ್ಲ ಎಂದು ಕೈಸನ್ನೆಯಲ್ಲೇ ಕಲಿಸಿದಳು. ಸುಂದರಿ ಮರಾಠಿ ಕಲಿತದ್ದು ಹೀಗೆ, ಎಲೆಯಿಂದ ಎಲೆಗೆ.

ಎರಡು ಸಾವಿರದ ಇಸವಿಯ ಹೊತ್ತಿಗೆ ಸುಂದರಿಯ ಪತ್ರೊಡೆ ಚಾಳನ್ನು ದಾಟಿತ್ತು. ಆಟಿಯ ಒಂದು ಭಾನುವಾರ ತುಳು ಮಾತಾಡುವ ಊರಿನವರ ಮಂಡಳಿ ಯಾವುದಾದರೂ ಹಾಲ್ ಹಿಡಿದು ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ, ಮಾಡುತ್ತಿತ್ತು. ಘೋಡಬಂದರ್ ರಸ್ತೆಯ ಹೊಸ ಕಟ್ಟಡಗಳಿಂದ, ನವಿ ಮುಂಬಯಿಯಿಂದ, ಕಲ್ಯಾಣದಿಂದ ಹೋಟೆಲಿನವರು, ಆಫೀಸಿನವರು, ಅವರ ಹೆಂಡಿರು, ತುಳು ಅರ್ಥವಾದರೂ ಹಿಂದಿಯಲ್ಲೇ ಉತ್ತರ ಕೊಡುವ ಮಕ್ಕಳು ಬರುತ್ತಿದ್ದರು. ಹುರುಳಿ ಚಟ್ನಿ, ತಜಂಕ್ ಸೊಪ್ಪಿನ ಪಲ್ಯ, ಹಲಸಿನ ಬೀಜದ ಗಸಿ ಎಲ್ಲ ಇರುತ್ತಿತ್ತು. ಆದರೆ ಸಾಲು ಉದ್ದವಾಗುತ್ತಿದ್ದದ್ದು ಸುಂದರಿಯ ಪಾತ್ರೆಯ ಮುಂದೆ. ಹಿಂದಿನ ದಿನವೇ ಬೇಯಿಸಿ, ಬೆಳಿಗ್ಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ತೆಂಗಿನೆಣ್ಣೆ ಹಾಕಿ ಕಾವಲಿಯಲ್ಲಿ ಕೆಂಪಗೆ ಮಾಡಿದ ಪತ್ರೊಡೆ. ವಯಸ್ಸಾದವರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಆ ಮುಚ್ಚಿದ ಕಣ್ಣುಗಳನ್ನು ನೋಡುವುದಕ್ಕಾಗಿ ಸುಂದರಿ ಇಡೀ ವರ್ಷ ಕಾಯುತ್ತಿದ್ದಳು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಮಂಡಳಿಯ ಕಾರ್ಯದರ್ಶಿ ಜಯಶೀಲ ಮೈಕಿನಲ್ಲಿ ಹೇಳುತ್ತಿದ್ದ, “ಊರಿಗೆ ಹೋಗಲಿಕ್ಕೆ ರಜೆ ಸಿಗದವರು ಸುಂದರಕ್ಕನ ಪತ್ರೊಡೆ ತಿನ್ನಿ. ಟಿಕೆಟಿನ ಅಗತ್ಯ ಇಲ್ಲ.”

ನಾಲಾದ ನೀರಿನ ಬಣ್ಣ ಆ ಚಾಳಿನಲ್ಲಿ ಯಾರಿಗೂ ಹೊಸ ವಿಷಯವಾಗಿರಲಿಲ್ಲ. ಕೆಲವು ದಿನ ಕೆಂಪು, ಕೆಲವು ದಿನ ನೀಲಿ, ಒಮ್ಮೊಮ್ಮೆ ಯಾವ ಬಣ್ಣವೆಂದು ಹೇಳಲಾಗದ ಕಡುಕಪ್ಪು. ಜೋರು ಮಳೆ ಬಂದಾಗ ಬಣ್ಣ ಗಾಢವಾಗುತ್ತಿತ್ತು. ಮಳೆಯ ಮರೆಯಲ್ಲಿ ಕಾರ್ಖಾನೆಯವರು ಟ್ಯಾಂಕುಗಳ ಕೊಳೆನೀರು ಬಿಡುತ್ತಾರೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಕ್ಯಾಂಟೀನಿಗೆ ಊಟಕ್ಕೆ ಬರುವ ಕೆಲಸಗಾರರ ಕೈಗಳು ಎಷ್ಟು ಸಾಬೂನು ಹಚ್ಚಿದರೂ ಅಂದಂದಿನ ಬಣ್ಣದಲ್ಲೇ ಇರುತ್ತಿದ್ದವು. ಸಂಜೆ ಮುಂಡಪ್ಪ ಚಪ್ಪಲಿ ಬಿಡುವ ಮೊದಲೇ ಸುಂದರಿ ಒಳಗಿನಿಂದ ಕೂಗುತ್ತಿದ್ದಳು:

“ಇವತ್ತು ನೀಲಿ ಅಲ್ವಾ?”

“ನೀಲಿಯೇ. ನಿನಗೆ ಹೇಗೆ ಗೊತ್ತಾಯ್ತು?”

“ನಮ್ಮ ಕಿಟಕಿ ಹೇಳ್ತು.”

ಗಂಡ ಹೆಂಡತಿ ನಗುತ್ತಿದ್ದರು. ಮಗಳು ದಿಶಾ ಚಿಕ್ಕವಳಿದ್ದಾಗ ಅದೊಂದು ಆಟವೇ ಆಗಿತ್ತು. ಶಾಲೆಯಿಂದ ಬಂದವಳೇ ಕಿಟಕಿಗೆ ಹೋಗಿ ಬಣ್ಣ ಹೇಳುವುದು, ಅಪ್ಪ ಬಂದ ಮೇಲೆ ಸರಿಯೋ ತಪ್ಪೋ ನೋಡುವುದು. ಆ ನೀರು ಬೇರೆ, ದಂಡೆಯ ಎಲೆ ಬೇರೆ ಎಂದೇ ಎಲ್ಲರ ಮನಸ್ಸಿನಲ್ಲಿತ್ತು. ಎಲೆ ಹಸಿರಾಗಿಯೇ ಇತ್ತಲ್ಲ.

2005ರ ಜುಲೈಯ ಮಹಾಮಳೆಯಲ್ಲಿ ನಾಲಾ ಮನೆಯೊಳಗೇ ಬಂತು. ಮುಂಡಪ್ಪ ಕಾರ್ಖಾನೆಯಲ್ಲೇ ಸಿಕ್ಕಿಬಿದ್ದಿದ್ದ. ತಾಯಿ ಮಗಳು ಹಿರಾಬಾಯಿಯ ಮನೆಯ ಅಟ್ಟದ ಮೇಲೆ ಕುಳಿತು ತಮ್ಮ ಪಾತ್ರೆಗಳು ತೇಲಿ ಹೋಗುವುದನ್ನು ನೋಡಿದರು. ನೀರು ಇಳಿದ ಮೇಲೆ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ನೇರಳೆ ಗೆರೆ ಉಳಿಯಿತು. ಸುಣ್ಣ ಬಳಿದರು, ಮತ್ತೆ ಬಳಿದರು. ಗೆರೆ ಸುಣ್ಣದ ಕೆಳಗಿನಿಂದ ಮೆಲ್ಲನೆ ಮೇಲೆ ಬಂತು. ಕೊನೆಗೆ ಮುಂಡಪ್ಪ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ, ಉಳಿದದ್ದಕ್ಕೆ ಕಪಾಟು ಅಡ್ಡ ಇಟ್ಟ. ಆ ವರ್ಷ ಆಟಿಯ ಕಾರ್ಯಕ್ರಮ ನಡೆಯಲಿಲ್ಲ. ಮರುವರ್ಷ ಕೆಸು ಹಿಂದೆಂದೂ ಕಾಣದಷ್ಟು ಸೊಕ್ಕಿ ಬೆಳೆಯಿತು. ಹೊಳೆಯ ಮೆಕ್ಕಲು ಮಣ್ಣು ಬಂದು ಬಿದ್ದಿದೆ ಎಂದು ಹಿರಾಬಾಯಿ ಸಂತೋಷಪಟ್ಟಳು. ಅವಳ ಎರಡು ಆಡುಗಳು ನಾಲಾದ ನೀರು ಕುಡಿದು ಸತ್ತದ್ದೂ ಅದೇ ವರ್ಷ. ಎಳೆಯ ಆಡುಗಳು, ಚಳಿ ಹಿಡಿಯಿತು ಎಂದುಕೊಂಡರು.

ದಿಶಾ ಬಿಎಸ್ಸಿಯ ಕೊನೆಯ ವರ್ಷಕ್ಕೆ ಬಂದಾಗ, 2009ರಲ್ಲಿ, ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಪರೀಕ್ಷಿಸಿ ನೋಡಲೆಂದು ತಮ್ಮ ತಮ್ಮ ಓಣಿಯ ತರಕಾರಿ ತರಲು ಹುಡುಗರಿಗೆ ಹೇಳಿದರು. ಯಾರೋ ಪಾಲಕ್ ತಂದರು, ಯಾರೋ ಬೆಂಡೆ. ದಿಶಾ ಅಮ್ಮನ ಬುಟ್ಟಿಯಿಂದ ನಾಲ್ಕು ಎಲೆ ಎತ್ತಿಕೊಂಡು ಹೋದಳು. ಒಣಗಿಸಿ, ಪುಡಿ ಮಾಡಿ, ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದರ ಫಲ ಬಂದದ್ದು ಆಟಿಯ ಕಾರ್ಯಕ್ರಮದ ಹಿಂದಿನ ದಿನ.

ಅವಳು ಮನೆಗೆ ಬಂದಾಗ ಅಕ್ಕಿ ಅರೆದು ಮುಗಿದಿತ್ತು. ಮೆಣಸು, ಕೊತ್ತಂಬರಿ, ಬೆಲ್ಲ, ಹುಣಿಸೆ, ಕಾಯಿತುರಿ ಸೇರಿದ ಹಿಟ್ಟು ದೊಡ್ಡ ಪಾತ್ರೆಯಲ್ಲಿತ್ತು. ಹಿರಾಬಾಯಿ ಎಲೆಯ ನಾರು ಹೆರೆದು ಕೊಡುತ್ತಿದ್ದಳು, ಸುಂದರಿ ಬಳಿಯಲು ಕುಳಿತಿದ್ದಳು.

“ಅಮ್ಮ, ಮತ್ ಕರೊ. ಇದನ್ನು ಮಾಡ್ಬೇಡ,” ಎಂದಳು ದಿಶಾ, ಬ್ಯಾಗ್ ಕೂಡ ಇಳಿಸದೆ.

“ಎಂತಕ್ಕೆ?”

“ಎಲೆಯಲ್ಲಿ ಸೀಸ ಉಂಟು. ಕ್ಯಾಡ್ಮಿಯಂ ಸಹ. ಎಲ್ಲರ ಸ್ಯಾಂಪಲಿಗಿಂತ ನಮ್ಮದರಲ್ಲೇ ಜಾಸ್ತಿ. ಸರ್ ನನ್ನನ್ನು ಕರೆದು ಕೇಳಿದ್ರು, ಇದನ್ನು ಯಾರಾದರೂ ತಿಂತಾರಾ ಅಂತ.”

“ಚೆನ್ನಾಗಿ ತೊಳೆದಿದ್ದೇನೆ. ಉಪ್ಪುನೀರಿನಲ್ಲಿ ಹಾಕಿಟ್ಟಿದ್ದೆ.”

“ತೊಳೆದ್ರೆ ಹೋಗೋದಲ್ಲ ಅಮ್ಮ. ಬೇರಿನಿಂದ ಎಲೆಯ ಒಳಗೆ ಹೋಗಿದೆ.”

“ಕೆಸುವಿನಲ್ಲಿ ನಂಜು ಇರೂದೇ. ಅದಕ್ಕೇ ಹುಣಿಸೆ ಹಾಕೂದು. ನನ್ನ ಅಜ್ಜಿಯ ಕಾಲದಿಂದ ಹಾಕ್ತೇವೆ. ನಿನಗೆ ಯಾವತ್ತಾದರೂ ಗಂಟಲು ತುರಿಸಿದ್ದುಂಟಾ?”

“ಅದೇ ಅಮ್ಮ. ಇದು ತುರಿಸೂದಿಲ್ಲ. ತಿಂದ್ರೆ ಏನೂ ಗೊತ್ತಾಗೂದಿಲ್ಲ. ಒಳಗೆ ಹೋಗಿ ಎಲುಬಿನಲ್ಲಿ, ಕಿಡ್ನಿಯಲ್ಲಿ ಕೂತ್ಕೊಳ್ತದೆ. ವರ್ಷಗಟ್ಟಲೆ.”

ಸುಂದರಿಗೆ ಸಿಟ್ಟು ಬಂತು. “ನಿನ್ನನ್ನು ಇದೇ ಎಲೆ ತಿನ್ನಿಸಿ ಬೆಳೆಸಿದ್ದು. ಕಾಲೇಜಿಗೆ ಹೋಗುವಷ್ಟು ಆದೆಯಲ್ಲ,” ಎಂದಳು. ದಿಶಾ ಬ್ಯಾಗ್ ಇಳಿಸಿ ಹಿಟ್ಟಿನ ಪಾತ್ರೆಯ ಪಕ್ಕ ಕುಳಿತಳು. ಅವಳ ಕಣ್ಣು ತುಂಬಿದ್ದನ್ನು ನೋಡಿದ ಮೇಲೆ ಸುಂದರಿಯ ಸಿಟ್ಟು ಇಳಿದು ಭಯ ಹತ್ತಿತು. ತಾಯಿ ಮಗಳ ತುಳು ಅರ್ಥವಾಗದ ಹಿರಾಬಾಯಿ ಇಬ್ಬರ ಮುಖವನ್ನೂ ನೋಡುತ್ತ ಚಾಕು ಕೆಳಗಿಟ್ಟಳು.

ಮುಂಡಪ್ಪ ಬಂದ. ಮಗಳು ಹೇಳಿದ್ದನ್ನೆಲ್ಲ ಬಾಗಿಲ ಬಳಿ ನಿಂತೇ ಕೇಳಿದ. ಅವನು ಮಾತು ಕಡಿಮೆಯ ಮನುಷ್ಯ. ಹೋಗಿ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತ.

“ನಾವು ದಿನಾ ನೋಡ್ತಾ ಇದ್ದೆವಲ್ಲ ಸುಂದರಿ,” ಎಂದ. “ಇವತ್ತು ಯಾವ ಬಣ್ಣ ಅಂತ ತಮಾಷೆ ಮಾಡ್ತಾ ಇದ್ದೆವು. ನೆಲ ಅದನ್ನೇ ಕುಡೀತದೆ ಅಂತ ಹೊಳೆಯಲಿಲ್ಲ, ನೋಡು.”

ಸುಂದರಿ ಎದ್ದು ಕೈ ತೊಳೆದುಕೊಂಡಳು. ಜಯಶೀಲನಿಗೆ ಫೋನ್ ಮಾಡಿ, ಈ ಸಲ ನನ್ನ ಪತ್ರೊಡೆ ಇಲ್ಲ ಎಂದಳು. ಕಾರಣವನ್ನೂ ಹೇಳಿದಳು.

“ಬ್ಯಾನರಿನಲ್ಲಿ ಹಾಕಿ ಆಗಿದೆ ಅಕ್ಕ. ಇಷ್ಟು ವರ್ಷ ತಿಂದವರಿಗೆ ಎಂತ ಆಗಿದೆ? ಇದೊಂದು ವರ್ಷ ಕೊಡಿ, ಮುಂದಿನ ವರ್ಷ ನೋಡುವ.”

“ಎಂತ ಆಗಿದೆ ಅಂತ ನನಗೂ ಗೊತ್ತಿಲ್ಲ ಜಯಶೀಲ, ನಿನಗೂ ಗೊತ್ತಿಲ್ಲ. ಗೊತ್ತಾದ ಮೇಲೆ ಬಡಿಸುವ ಕೈ ನನ್ನದಲ್ಲ.”

ಅರೆದ ಹಿಟ್ಟನ್ನು ಏನು ಮಾಡುವುದು? ಮಾರ್ಕೆಟಿನಿಂದ ಬಾಳೆಎಲೆ ತರಿಸಿ, ಅದರಲ್ಲಿ ಹಿಟ್ಟು ಸುತ್ತಿ ಬೇಯಿಸಿದಳು. ಮರುದಿನ ಮಂಡಳಿಯ ಹಾಲ್‌ನಲ್ಲಿ ಸಾಲು ಎಂದಿನಂತೆ ಅವಳ ಮುಂದೆಯೇ ಉದ್ದವಾಯಿತು. ಬಿಚ್ಚಿ ನೋಡಿದವರು, “ಇದೆಂತ ಸುಂದರಕ್ಕ, ಎಲೆಯೇ ಇಲ್ಲದ ಪತ್ರೊಡೆ?” ಎಂದು ಕೇಳತೊಡಗಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾದಾಗ ಜಯಶೀಲನ ಕೈಯಿಂದ ಮೈಕ್ ತೆಗೆದುಕೊಂಡಳು. ಜನ್ಮದಲ್ಲಿ ಮೈಕ್ ಹಿಡಿದವಳಲ್ಲ. ಎಲೆ ಎಲ್ಲಿಯದು, ನೀರು ಎಲ್ಲಿಯದು, ಮಗಳು ಏನು ಕಂಡುಹಿಡಿದಳು, ಅಷ್ಟನ್ನೇ ಹೇಳಿದಳು. ನೀವೂ ರೈಲುಹಳಿ ಬದಿಯ ಕೆಸು ಕೊಯ್ಯಬೇಡಿ, ತಜಂಕ್ ಕೊಯ್ಯಬೇಡಿ ಎಂದಳು. ಹಿಂದಿನಿಂದ ಯಾರೋ, ಮುಂಬಯಿ ಗಾಳಿ ಕುಡಿದವನಿಗೆ ಎಲೆ ಯಾವ ಲೆಕ್ಕ ಎಂದರು. ಕೆಲವರು ನಕ್ಕರು.

ನಗದೆ ಕುಳಿತವಳು ಶ್ರದ್ಧಾ. ಮಹಾಪೆಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ಎರಡು ವರ್ಷದ ಹಿಂದೆ ಬಸುರಿಯಾಗಿದ್ದಾಗ ಬಾಯಿ ಚಪ್ಪೆ, ಏನೂ ಸೇರುವುದಿಲ್ಲ ಎಂದು ಕೇಳಿ ಸುಂದರಿ ಆಟಿ ಮುಗಿಯುವವರೆಗೆ ಡಬ್ಬಿ ತುಂಬ ಪತ್ರೊಡೆ ಕಳಿಸಿದ್ದಳು. ಈಗ ಅವಳು ಮಗುವನ್ನು ಎತ್ತಿಕೊಂಡು ಪಾತ್ರೆಯ ಬಳಿ ಬಂದಳು.

“ನನಗೆ ನೀವೇ ಕಳಿಸಿದ್ದಿರಲ್ಲ ಅಕ್ಕ,” ಎಂದಳು ಮೆಲ್ಲನೆ. ಬೈಯಲಿಲ್ಲ. ಅಷ್ಟೇ ಹೇಳಿ ಮಗುವಿನ ತಲೆ ಸವರುತ್ತ ನಿಂತಳು.

ಸುಂದರಿ ಸೆರಗಿಗೆ ಕೈ ಒರೆಸಿಕೊಂಡು ಮಗುವಿನತ್ತ ಕೈ ಚಾಚಿದಳು. ಮಗು ಅಕ್ಷಿತ್ ಗುಂಡುಗುಂಡಾಗಿದ್ದ, ಅವಳ ಬಳೆ ಹಿಡಿದೆಳೆದು ನಗುತ್ತಿದ್ದ. ಆಮೇಲೆ ಶ್ರದ್ಧಾ ಅವನ ರಕ್ತಪರೀಕ್ಷೆ ಮಾಡಿಸಿದಳು, ಗಾಬರಿಪಡುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು. ಆದರೂ ಸೀಸ ಮಕ್ಕಳ ಬುದ್ಧಿ ಮಂಕು ಮಾಡುತ್ತದೆ ಎಂದು ದಿಶಾಳಿಂದ ಕೇಳಿದ್ದರಿಂದ, ಅಲ್ಲಿಂದ ಮುಂದೆ ಎಷ್ಟೋ ವರ್ಷ, ಎಲ್ಲಿ ಶ್ರದ್ಧಾ ಸಿಕ್ಕಿದರೂ ಸುಂದರಿಯ ಮೊದಲ ಪ್ರಶ್ನೆ ಅದೇ. ಮಗ ಮಾತಾಡುತ್ತಾನಾ, ಚುರುಕಾಗಿದ್ದಾನಾ, ಪಾಠ ತಲೆಗೆ ಹೋಗುತ್ತದಾ? ಅವನು ನಾಲ್ಕನೆಯ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದ ಎಂದು ಶ್ರದ್ಧಾ ನಗುತ್ತ ಹೇಳಿದ ದಿನ ಸುಂದರಿಗೆ ಊಟ ಸೇರಲಿಲ್ಲ. “ಅವನ ಅಪ್ಪನೂ ಫೇಲೇ ಅಕ್ಕ,” ಎಂದು ಶ್ರದ್ಧಾಳೇ ಸಮಾಧಾನ ಮಾಡಬೇಕಾಯಿತು.

ಕಷ್ಟವಾದದ್ದು ಹಿರಾಬಾಯಿಯ ಜೊತೆ. ಎಲೆ ಅವಳಿಗೆ ಬದುಕು. “ನಿನ್ನ ಪೋರಿ ಎರಡು ಬುಕ್ ಓದಿ ಹೇಳಿದ್ದಕ್ಕೆ ನಾನು ಬುಟ್ಟಿ ಮಗುಚಿ ಕೂರಬೇಕಾ ಸುಂದರಾಬಾಯಿ? ನನ್ನ ಅತ್ತೆ ತಿಂದಳು, ಎಂಬತ್ತು ವರ್ಷ ಬದುಕಿದಳು,” ಎಂದಳು.

“ನಿಮ್ಮ ಅತ್ತೆ ತಿಂದದ್ದು ಬೇರೆ ನೀರಿನದು ಹಿರಾಬಾಯಿ.”

ಆ ಮಾತಿಗೆ ಹಿರಾಬಾಯಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಎದ್ದು ಹೋದಳು. ಒಂದೇ ಚಾಳಿನಲ್ಲಿದ್ದುಕೊಂಡು ಇಬ್ಬರೂ ಇಡೀ ವರ್ಷ ಮಾತಾಡಲಿಲ್ಲ. ನಲ್ಲಿಯ ಬಳಿ ಒಬ್ಬಳು ಬಂದರೆ ಇನ್ನೊಬ್ಬಳು ಕೊಡ ಎತ್ತಿಕೊಳ್ಳುತ್ತಿದ್ದಳು.

ಮುಂದಿನ ಆಟಿಯಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ, ಸುಂದರಿ ಕತ್ತಿ ಹಿಡಿದು ನಾಲಾ ದಂಡೆಗೆ ಇಳಿದಳು. ತನ್ನ ಕಿಟಕಿಯ ಕೆಳಗಿನ ಪಾಲಿನ ಕೆಸುವನ್ನಾದರೂ ಗೆಡ್ಡೆಸಮೇತ ಕಿತ್ತುಹಾಕಬೇಕು, ಯಾರೂ ಕೊಯ್ಯಬಾರದು ಎಂದು. ಒಂದು ಗಿಡಕ್ಕೆ ಕೈ ಹಾಕಿದಳು. ಎಳೆ ಎಲೆ, ಸುರುಳಿ ಬಿಚ್ಚುತ್ತಿತ್ತು, ಕಪ್ಪು ದಂಟು. ಇದನ್ನು ಸುತ್ತಿದರೆ ಎಂಥ ಮೆತ್ತಗಿನ ಪತ್ರೊಡೆ ಆಗುತ್ತಿತ್ತು ಎಂದು ಕೈ ತಾನಾಗಿ ತಡವಿತು. ಅಳು ಬಂತು. ಕಿತ್ತಳು. ಇನ್ನೊಂದನ್ನು ಕಿತ್ತಳು. ಹಿಂದೆ ಯಾರೋ ಕುಳಿತ ಹಾಗೆ ಅನ್ನಿಸಿ ತಿರುಗಿದರೆ ಹಿರಾಬಾಯಿ, ಕಲ್ಲಿನ ಮೇಲೆ.

“ನಾನು ಮದುವೆಯಾಗಿ ಬಂದಾಗ ಇದು ನಾಲಾ ಅಲ್ಲ,” ಎಂದಳು, ಜಗಳವೇ ಆಗಿರಲಿಲ್ಲವೆಂಬಂತೆ. “ತೊರೆ. ಇಲ್ಲಿ ಪಾತ್ರೆ ತಿಕ್ಕುವಾಗ ಮೀನಿನ ಮರಿಗಳು ಕಾಲು ಕಚ್ಚುತ್ತಿದ್ದವು. ಕಲ್ಲು ಎತ್ತಿದರೆ ಏಡಿ. ಬಾಯಾರಿದರೆ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದೆವು. ಗದ್ದೆ ಹೋದಾಗ ನಾನು ಅಳಲಿಲ್ಲ. ತೊರೆ ಯಾವಾಗ ಹೋಯಿತು ಅಂತ ಮಾತ್ರ ನನಗೆ ಗೊತ್ತೇ ಆಗಲಿಲ್ಲ, ನೋಡು. ಮೀನು ಒಂದು ವರ್ಷ ಕಡಿಮೆ ಆಯಿತು, ಮುಂದಿನ ವರ್ಷ ಇನ್ನೂ ಕಡಿಮೆ. ನಾವು ಅಳು ಕೊಯ್ಯುತ್ತಲೇ ಇದ್ದೆವು.”

ಸುಂದರಿ ಅವಳ ಪಕ್ಕದಲ್ಲಿ ಕುಳಿತಳು. ನೀರು ಅಂದು ಕೆಂಪಗೆ ಹರಿಯುತ್ತಿತ್ತು. ಹಿರಾಬಾಯಿ ಸ್ವಲ್ಪ ಹೊತ್ತು ನೋಡಿ, ಕಾಸೆ ಸೀರೆಯನ್ನು ಬಿಗಿಮಾಡಿಕೊಂಡು, ಕೆಳಗೆ ಇಳಿದಳು.

“ಕೊಡು ಕತ್ತಿ. ನೆಟ್ಟವಳು ನಾನು, ಕೀಳುವುದು ನನಗೇ ಇರಲಿ. ನಿನಗೆ ಗೆಡ್ಡೆ ಎಲ್ಲಿ ಕೂತಿದೆ ಅಂತ ಗೊತ್ತಾಗುವುದಿಲ್ಲ.”

ಇಬ್ಬರೂ ಸೇರಿ ಸಂಜೆಯವರೆಗೆ ಕಿತ್ತರು. ಕೆಸು ಹಾಗೆ ಸುಲಭಕ್ಕೆ ಹೋಗುವ ಗಿಡವಲ್ಲ, ಒಂದು ಚೂರು ಗೆಡ್ಡೆ ಉಳಿದರೂ ಸಾಕು. ಪ್ರತಿ ಮಳೆಗಾಲದಲ್ಲೂ ಮತ್ತೆ ಚಿಗುರುತ್ತಿತ್ತು, ಪ್ರತಿ ಮಳೆಗಾಲದಲ್ಲೂ ಇಬ್ಬರೂ ಇಳಿಯುತ್ತಿದ್ದರು. ಚಾಳಿನವರು ಇದಕ್ಕೆ ಒಗ್ಗಿಹೋದರು. ಹಿರಾಬಾಯಿ ಸ್ಟೇಷನ್ ಬಳಿ ಅಳುವಿನ ಬದಲು ಸಗಟು ಮಾರ್ಕೆಟಿನಿಂದ ತಂದ ನಿಂಬೆ, ಹಸಿಮೆಣಸು ಇಟ್ಟುಕೊಂಡು ಕುಳಿತಳು. ಲಾಭ ಕಡಿಮೆ ಎಂದು ಗೊಣಗುವುದನ್ನು ಮಾತ್ರ ಅವಳು ಕೊನೆಗೂ ಬಿಡಲಿಲ್ಲ, ಆ ಗೊಣಗಾಟ ಕೇಳುತ್ತ ಸುಂದರಿಯೂ ಜೊತೆಗೆ ಕುಳಿತು ಮೆಣಸಿನ ತೊಟ್ಟು ಮುರಿಯುತ್ತಿದ್ದಳು. ಮಂಡಳಿಯ ಆಟಿಯ ಸಾಲು ಬೇರೆ ಪಾತ್ರೆಗಳ ಮುಂದೆ ಬೆಳೆಯಿತು. ಎಲೆ ಎಲ್ಲಿಯದು ಎಂದು ಕೇಳುವ ಅಭ್ಯಾಸ ಕೆಲವರಿಗಾದರೂ ಬಂತು ಎಂದು ಜಯಶೀಲನೇ ಒಮ್ಮೆ ಒಪ್ಪಿಕೊಂಡ.

ಮುಂಡಪ್ಪನಿಗೆ ಕೆಮ್ಮು ಹಿಡಿದು ಕ್ಯಾಂಟೀನ್ ಬಿಡಬೇಕಾದ ಮೇಲೆ, ದಿಶಾಳ ಮದುವೆಯೂ ಆಗಿದ್ದರಿಂದ, 2014ರಲ್ಲಿ ಅವರು ಚಾಳಿನ ಮನೆ ಬಿಟ್ಟರು. ದಿಶಾ ಮತ್ತು ಅಳಿಯ ಕೌಶಲ್ ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡವೊಂದರಲ್ಲಿ ಇದ್ದರು. ಅಲ್ಲಿ ಅಡುಗೆಮನೆಯ ಕಿಟಕಿ ತೆರೆದರೆ ಗುಡ್ಡ ಕಾಣುತ್ತದೆ, ಗಾಳಿ ಬರುತ್ತದೆ. ಮುಂಡಪ್ಪನ ಕೆಮ್ಮೂ ಕಡಿಮೆಯಾಯಿತು. ಸುಂದರಿ ಮಾತ್ರ ಮೊದಲ ಕೆಲವು ತಿಂಗಳು ಬೆಳಿಗ್ಗೆ ಎದ್ದವಳೇ ಹೊರಗೆ ನೋಡಿ, ಏನು ನೋಡಲು ಬಂದೆ ಎಂದು ಮರೆತವಳಂತೆ ನಿಲ್ಲುತ್ತಿದ್ದಳು.

ಈಗ ಆಟಿಯಲ್ಲಿ ಕೆಸುವಿನೆಲೆ ಊರಿನಿಂದ ಬಸ್ಸಿನಲ್ಲಿ ಬರುತ್ತದೆ. ತಮ್ಮ ಚೆನ್ನಯ ಬಾವಿಕಟ್ಟೆಯ ಹತ್ತಿರದ್ದನ್ನೇ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸುತ್ತಾನೆ. ದಾರಿಯಲ್ಲಿ ಬಾಡಿ, ಅಂಚು ಹಳದಿಯಾಗಿರುತ್ತದೆ. ಸುಂದರಿ ಒಂದೊಂದನ್ನೇ ನೀರು ಚಿಮುಕಿಸಿ ಬಿಡಿಸಿ, ಹಳೆಯ ಅಳತೆಯಲ್ಲೇ ಹಿಟ್ಟು ಅರೆದು ಪತ್ರೊಡೆ ಮಾಡುತ್ತಾಳೆ. ಮೊದಲ ವರ್ಷ ಒಂದು ಡಬ್ಬಿಯನ್ನು ಮುಂಡಪ್ಪನ ಕೈಯಲ್ಲಿ ಡೊಂಬಿವಲಿಗೆ, ಹಿರಾಬಾಯಿಗೆಂದು ಕಳಿಸಿದಳು. ನಾಲಾದ ಮೇಲೆ ಆಗಲೇ ಕಾಂಕ್ರೀಟ್ ಚಪ್ಪಡಿ ಹಾಕಲು ಶುರುಮಾಡಿದ್ದರಂತೆ, ಅದರ ಮೇಲೆ ಬೈಕುಗಳು ನಿಂತಿದ್ದವಂತೆ.

ಅಂದು ಸಂಜೆ ಹಿರಾಬಾಯಿಯ ಫೋನ್ ಬಂತು.

“ತಿಂದೆ,” ಎಂದಳು. “ಚೆನ್ನಾಗಿದೆ. ಆದರೆ ಸುಂದರಾಬಾಯಿ, ನಿಜ ಹೇಳು, ಆ ರುಚಿ ಇದರಲ್ಲಿ ಇದೆಯಾ?”

 ಒಳಗಿನ ಕೋಣೆಯಲ್ಲಿ ದಿಶಾ ಯಾರಿಗೋ ಪಾಠ ಹೇಳಿಕೊಡುತ್ತಿದ್ದಳು, ಮಗಳಿಗೆ ಕೇಳಿಸಬಾರದೆಂದು ಸುಂದರಿ ಬಾಲ್ಕನಿಗೆ ಹೋದಳು.

“ಇಲ್ಲ ಹಿರಾಬಾಯಿ,” ಎಂದಳು. “ಅದರಷ್ಟು ಇಲ್ಲ.”

ಆ ಕಡೆಯಿಂದ ಹಿರಾಬಾಯಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳು ನಿಂಬೆಯ ಮಾತು ತೆಗೆದಳು, ಈ ಮಳೆಗೆ ಅರ್ಧ ಬುಟ್ಟಿ ಕೊಳೆತುಹೋಯಿತು ಎಂದಳು. ಸುಂದರಿ ಕುರ್ಚಿ ಎಳೆದುಕೊಂಡು ಕುಳಿತು ಕೇಳತೊಡಗಿದಳು.